ಮೂರನೇ ನಿಮಿಷಕ್ಕೆ ನಿಂತ ವಿಡಿಯೊ

ಹೆಸರು ಬದಲಿಸಿದ್ದೇನೆ. ಸುಮಾ ಎನ್ನೋಣ. ಎಂಎಸ್ಸಿ ಮೊದಲ ವರ್ಷ, ಹಾಸ್ಟೆಲ್ ಹುಡುಗಿ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣವಾದ ಸ್ವಯಂ ಪೋರ್ಟಲ್‌ನಲ್ಲಿ, ಐಐಟಿ ಮತ್ತು ಐಐಎಸ್ಸಿಗಳ ಎನ್‌ಪಿಟೆಲ್ ನಡೆಸುವ 12 ವಾರದ ಸಂಖ್ಯಾಶಾಸ್ತ್ರ ಕೋರ್ಸಿಗೆ ಸೇರಿದ್ದಳು. ನಾಲ್ಕನೇ ವಾರಕ್ಕೇ ಎರಡು ಅಸೈನ್‌ಮೆಂಟ್ ತಪ್ಪಿದ್ದವು. ಸಲಹೆಗೆಂದು ವಿಭಾಗದವರು ನನ್ನ ಬಳಿ ಕಳಿಸಿದ್ದರು. ಜೊತೆಗೆ ಬಂದ ಚೀಟಿಯಲ್ಲಿ ಒಂದೇ ಸಾಲು: "ಆನ್‌ಲೈನ್ ಕಲಿಕೆಯಲ್ಲಿ ಆಸಕ್ತಿ ಇಲ್ಲ."

ಮೊದಲ ದಿನ ನಾನೇ ಎಡವಿದೆ. ದಿನಕ್ಕೆ ಒಂದು ಗಂಟೆ ಅಂತ ಟೈಮ್‌ಟೇಬಲ್ ಬರೆದುಕೊಟ್ಟೆ. ಮುಂದಿನ ವಾರ ನೋಡಿದರೆ ಅದು ಮಡಚಿದ ಹಾಗೇ ನೋಟ್‌ಬುಕ್ಕಿನೊಳಗೆ ಇತ್ತು.

"ಮೊಬೈಲ್ ತೋರಿಸ್ತೀಯೇನಮ್ಮಾ?" ಅಂದೆ. ಕೋರ್ಸಿನ ವಿಡಿಯೊ ಮೂರನೇ ನಿಮಿಷಕ್ಕೆ ನಿಂತಿತ್ತು. ಆದರೆ ಯೂಟ್ಯೂಬ್ ತೆರೆದರೆ ಅದೇ ಸಂಖ್ಯಾಶಾಸ್ತ್ರದ ಸಾಲು ಸಾಲು ವಿಡಿಯೊಗಳು, ಒಂದೊಂದು ಹತ್ತು ನಿಮಿಷದ್ದು, ಎಲ್ಲವನ್ನೂ ಪೂರ್ತಿ ನೋಡಿದ್ದಾಳೆ. ಆಸಕ್ತಿ ಇಲ್ಲದವಳಾ ಇವಳು?

"ರೂಮ್‌ಮೇಟ್ ಕಳಿಸಿದ್ದು ಮೇಡಂ. ಇಂಟರ್ನಲ್ಸ್‌ಗೆ ಇಷ್ಟು ಸಾಕು ಅಂದ್ಲು."

ಹೊಸ ತಂತ್ರಜ್ಞಾನವನ್ನು ಜನ ಒಪ್ಪುವುದಕ್ಕೆ 1989ರಲ್ಲಿ ಸಂಶೋಧಕ ಫ್ರೆಡ್ ಡೇವಿಸ್ ಎರಡು ಕಾರಣ ಹೇಳಿದ್ದರು: ಉಪಯೋಗವಿದೆ ಅನ್ನಿಸಬೇಕು, ಬಳಸುವುದು ಸುಲಭ ಅನ್ನಿಸಬೇಕು. 2003ರಲ್ಲಿ ವೆಂಕಟೇಶ್ ಎಂಬ ಸಂಶೋಧಕ ಮತ್ತು ಜೊತೆಗಾರರು ಇನ್ನೆರಡನ್ನು ಸೇರಿಸಿದರು: ಸುತ್ತಲಿನವರ ಮಾತು, ಕೈಗೆ ಸಿಗುವ ಸೌಲಭ್ಯ. ಸುಮಾಳ ರೂಮ್‌ಮೇಟ್ ಒಂದೇ ವಾಕ್ಯದಲ್ಲಿ ಉಪಯೋಗ, ಸುತ್ತಲಿನವರ ಮಾತು ಎರಡನ್ನೂ ಮುಗಿಸಿದ್ದಳು!

ಕೋರ್ಸಿನ ಕಡೆ ನೋಡಿದರೆ ನಾಲ್ಕೂ ಇಲ್ಲ. ಕ್ಲಾಸಿನಲ್ಲಿ ಬೇರೆ ಯಾರೂ ಅದರ ಮಾತೆತ್ತುವುದಿಲ್ಲ. ಸಂಜೆಯೊಳಗೆ ಡೇಟಾ ಖಾಲಿ, ಹಾಸ್ಟೆಲ್ ವೈಫೈ ಮೆಟ್ಟಿಲ ಹತ್ತಿರ ಮಾತ್ರ. ಪಾಠದ ಇಂಗ್ಲಿಷ್ ವೇಗ ಜಾಸ್ತಿ. ಒಮ್ಮೆ ಚರ್ಚೆಯ ಪುಟದಲ್ಲಿ ಪ್ರಶ್ನೆ ಟೈಪ್ ಮಾಡಿ ಅಳಿಸಿಬಿಟ್ಟಳಂತೆ. "ನನ್ನ ಹೆಸರು ಕಾಣುತ್ತಲ್ವಾ ಮೇಡಂ?" ಇನ್ನು ಈ ಕೋರ್ಸಿನ ಕ್ರೆಡಿಟ್ ಅಂಕಪಟ್ಟಿಗೆ ಸೇರುತ್ತೆ ಅಂತ ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ.

ಟೈಮ್‌ಟೇಬಲ್ ಹರಿದು ಹಾಕಿದೆ. ಬೆಳಿಗ್ಗೆ ಲೈಬ್ರರಿ ವೈಫೈನಲ್ಲಿ ವಾರದ ವಿಡಿಯೊಗಳನ್ನು ಇಳಿಸಿಕೋ ಅಂದೆ. ಸಬ್‌ಟೈಟಲ್ ಹಾಕಿಕೊಂಡು, ವೇಗ 0.75ಕ್ಕೆ ಇಟ್ಟು ನೋಡು. ರೂಮ್‌ಮೇಟನ್ನೂ ಎಳೆದುಕೋ, ಅವಳೂ ಅದೇ ಕೋರ್ಸಿಗೆ ಸೇರಿ ಸುಮ್ನೆ ಕೂತಿದ್ದಾಳೆ. ಪ್ರಶ್ನೆಯನ್ನು ಇಬ್ಬರೂ ಸೇರಿ ಬರೆಯಿರಿ. ತಪ್ಪಿದ ಎರಡರ ಚಿಂತೆ ಬಿಡು. 12 ಅಸೈನ್‌ಮೆಂಟಿನಲ್ಲಿ ಚೆನ್ನಾಗಿ ಮಾಡಿದ 8ನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಇದನ್ನು ಕೇಳಿದಾಗ ಮೊದಲ ಸಲ ನಕ್ಕಳು.

ಸಲಹೆ ಅವಳೊಬ್ಬಳಿಗೇ ಸಾಲದು ಅನ್ನಿಸಿತು. ಚೀಟಿ ಕಳಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರೂ ಆ ಕೋರ್ಸನ್ನು ತೆರೆದು ನೋಡಿರಲಿಲ್ಲ, ಪಾಪ. ಸೋಮವಾರ ಕ್ಲಾಸಿನಲ್ಲಿ ಆ ವಾರದ ಒಂದು ಲೆಕ್ಕ ಬಿಡಿಸಿ ಅಂತ ಕೇಳಿಕೊಂಡೆ. ಒಪ್ಪಿದರು.

ಐದನೇ ವಾರದ ಅಸೈನ್‌ಮೆಂಟ್ ಸಲ್ಲಿಸಿದ್ದಾಳೆ. ಕೋರ್ಸಿನ ಕೊನೆಯ ಪರೀಕ್ಷೆಗೆ ಹೆಸರು ಕೊಡುವುದನ್ನು ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾಳೆ. ಕೋರ್ಸು ಪುಕ್ಕಟೆ ಇರಬಹುದು, ಪರೀಕ್ಷೆಗೆ ಸಾವಿರ ರೂಪಾಯಿ ಕಟ್ಟಬೇಕಲ್ವಾ.