ಕ್ಯಾಂಡಿ ಕೇನ್ ಹವಳದ ಚರ್ಮ ಸರಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು 120 ಲೀಟರ್‌ನ ಸಮುದ್ರನೀರಿನ ಟ್ಯಾಂಕ್. ನಾಲ್ಕು ತಲೆಯ (ಒಂದೊಂದಕ್ಕೂ ಬೇರೆ ಬಾಯಿ) ಕ್ಯಾಂಡಿ ಕೇನ್ ಹವಳ ಚೆನ್ನಾಗಿಯೇ ಇತ್ತು. ಈ ವಾರ ಅದರ ಚರ್ಮ ಅಂಚಿನಿಂದ ಸರಿದು ಬಿಳಿ ಕಲ್ಲು ಕಾಣುತ್ತಿದೆ. ಬಿಸಿಲು ಜೋರಾದ್ದರಿಂದ ಟ್ಯಾಂಕಿನ ಮೇಲೆ ಫ್ಯಾನ್ ಹಚ್ಚಿದ್ದೇವೆ. ದಿನಕ್ಕೆ ಎರಡು ಲೀಟರ್ ನೀರು ಇಳಿಯುತ್ತದೆ, ಅಷ್ಟೇ ಉಪ್ಪುನೀರು ಕಲಸಿ ಹಾಕುತ್ತಿದ್ದೇವೆ. ನೀರು ಓಣಿಯ ಶುದ್ಧ ಕುಡಿಯುವ ನೀರಿನ ಘಟಕದ್ದು.
— ಓದುಗರು, ವಿಜಯಪುರ

ಉತ್ತರ: ತಪ್ಪು ಆ ಎರಡು ಲೀಟರ್‌ನಲ್ಲೇ ಇದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ದಿನಕ್ಕೆ ಎರಡು ಲೀಟರ್ ಉಪ್ಪುನೀರು ಎಂದರೆ ಸುಮಾರು 70 ಗ್ರಾಂ ಹೆಚ್ಚುವರಿ ಉಪ್ಪು. ಏಳು ದಿನಕ್ಕೆ ಲೀಟರ್‌ಗೆ 35 ಗ್ರಾಂ ಇದ್ದದ್ದು 39ಕ್ಕೆ ಬಂದಿರುತ್ತದೆ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿ, ಸಾಂದ್ರತೆ 1.026 ಇರಬೇಕಾದಲ್ಲಿ 1.029ರ ಆಸುಪಾಸು ಕಾಣಬಹುದು. (ಉಪಕರಣವನ್ನು ಲೀಟರ್‌ಗೆ 35 ಗ್ರಾಂ ಉಪ್ಪಿನ ಪ್ರಮಾಣ ದ್ರಾವಣದಿಂದ ಸರಿಹೊಂದಿಸಿ. ಬರೀ ನೀರಿನಿಂದ ಹೊಂದಿಸಿದರೆ ಸಮುದ್ರನೀರಿನ ಮಟ್ಟದಲ್ಲಿ ಎಷ್ಟೋ ಸಲ ಸುಳ್ಳು ಹೇಳುತ್ತದೆ.)

ಒಮ್ಮೆಲೇ ಇಳಿಸಲು ಹೋಗಬೇಡಿ. ದಿನಕ್ಕೆ ಮೂರು ಲೀಟರ್ ಟ್ಯಾಂಕ್ ನೀರು ತೆಗೆದು ಅಷ್ಟೇ ಸಿಹಿನೀರು ಹಾಕಿ. ದಿನಕ್ಕೆ ಲೀಟರ್‌ಗೆ ಸುಮಾರು ಒಂದು ಗ್ರಾಂ ಇಳಿಯುತ್ತದೆ, ನಾಲ್ಕು ದಿನಕ್ಕೆ ಜಾಗಕ್ಕೆ ಬರುತ್ತದೆ. ಆವಿಯಾದ ನೀರಿಗೂ ಇನ್ನು ಮುಂದೆ ಸಿಹಿನೀರೇ. ಫ್ಯಾನ್ ತೆಗೆಯಬೇಡಿ. ನಿಮ್ಮ ಕಡೆಯ ಒಣಹವೆಯಲ್ಲಿ ಅದು ಎರಡು ಮೂರು ಡಿಗ್ರಿ ಇಳಿಸಬಲ್ಲದು, ಆದರೆ ನೀರು ಆವಿಯಾಗಿಸಿಯೇ ಇಳಿಸುತ್ತದೆ. ಸಿಹಿನೀರು ತುಂಬಿದ ಸಣ್ಣ ಡಬ್ಬಿಗೆ ಫ್ಲೋಟ್ ವಾಲ್ವ್ (ಮಟ್ಟ ಇಳಿದಾಗ ತೆರೆದು, ತುಂಬಿದಾಗ ಮುಚ್ಚುವ ಬಿರಡೆ) ಜೋಡಿಸಿದರೆ ನೀರಿನ ಮಟ್ಟ ತಾನೇ ನಿಲ್ಲುತ್ತದೆ. ಡಬ್ಬಿ ಐದಾರು ಲೀಟರ್‌ಗಿಂತ ದೊಡ್ಡದು ಬೇಡ: ವಾಲ್ವ್ ಕೈಕೊಟ್ಟರೂ ಹಾನಿ ಅಷ್ಟಕ್ಕೇ ನಿಲ್ಲುತ್ತದೆ.

ಇನ್ನು ಘಟಕದ ನೀರು. ಕುಡಿಯಲು ಅದು ಸರಿ, ಹವಳಕ್ಕಲ್ಲ. ಅದರಲ್ಲಿ ಉಳಿದ ಲವಣ, ಸಿಲಿಕೇಟ್, ನೈಟ್ರೇಟ್ ದಿನದಿನಕ್ಕೂ ಟ್ಯಾಂಕಿನಲ್ಲಿ ಜಮೆಯಾಗುತ್ತವೆ. ಆರ್‌ಒ (ಮೆಂಬ್ರೇನ್ ಮೂಲಕ ಸೋಸುವುದು) ಆದ ಮೇಲೆ, ಉಳಿದ ಲವಣ ಹೀರುವ ಡಿಐ ರೆಸಿನ್ ಇರುವ ಘಟಕ ಬೇಕು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಬೋರಿನ ನೀರಿನಲ್ಲಿ ಮಣ್ಣಿನ ಕಣಗಳಿದ್ದಾಗ, ಅವನ್ನು ಹಿಡಿಯುವ ಸೆಡಿಮೆಂಟ್ ಫಿಲ್ಟರ್ ಬೇಗಬೇಗ ಬದಲಿಸದಿದ್ದರೆ ಮೆಂಬ್ರೇನ್ ಉಳಿಯುವುದಿಲ್ಲ.

ಉಪ್ಪು ಸರಿಹೋದ ನಂತರವೇ ಆಲ್ಕಲಿನಿಟಿ (ನೀರಿನ ಕ್ಷಾರಾಂಶ) ಅಳೆಯಿರಿ. ನೀರು ದಪ್ಪವಾಗಿರುವಾಗ ಎಲ್ಲ ಅಂಕಿಗಳೂ ಏರಿಯೇ ಕಾಣುತ್ತವೆ, ಕೊರತೆ ಮುಚ್ಚಿಹೋಗುತ್ತದೆ. ಕಲ್ಲುಹವಳ ತನ್ನ ಸುಣ್ಣದ ಗೂಡು ಕಟ್ಟುವುದು ಕ್ಯಾಲ್ಸಿಯಂ ಮತ್ತು ಈ ಕ್ಷಾರಾಂಶದಿಂದ. ಆಲ್ಕಲಿನಿಟಿ 8–9 ಡಿಕೆಎಚ್ (ಅದನ್ನು ಅಳೆಯುವ ಮಾನ), ಕ್ಯಾಲ್ಸಿಯಂ 400–450, ಮೆಗ್ನೀಸಿಯಂ 1250–1350 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಇರಲಿ. ಆಲ್ಕಲಿನಿಟಿ ಕಡಿಮೆಯಿದ್ದರೆ ಅಪ್ಪಟ ಅಡುಗೆ ಸೋಡಾ ಸಾಕು, ಬೇಕಿಂಗ್ ಪೌಡರ್ ಅಲ್ಲ. ನೂರು ಲೀಟರ್‌ಗೆ ಮೂರು ಗ್ರಾಂ ಹಾಕಿದರೆ ಒಂದು ಡಿಕೆಎಚ್ ಏರುತ್ತದೆ, ನಿಮ್ಮ ಟ್ಯಾಂಕಿಗೆ 3.6 ಗ್ರಾಂ. ಸಿಹಿನೀರಿನಲ್ಲಿ ಕರಗಿಸಿ ಪಂಪಿನ ಬಳಿ ನಿಧಾನಕ್ಕೆ ಸುರಿಯಿರಿ. ದಿನಕ್ಕೆ ಒಂದು ಡಿಕೆಎಚ್‌ಗಿಂತ ಹೆಚ್ಚು ಬೇಡ. ನಾಲ್ಕು ತಲೆಯ ಹವಳವೊಂದಕ್ಕೆ ವಾರಕ್ಕೆ ಶೇ 10 ನೀರು ತೆಗೆದು ಹೊಸ ಉಪ್ಪುನೀರು ತುಂಬಿದರೆ ಸಾಮಾನ್ಯವಾಗಿ ಅದೇ ಸಾಲುತ್ತದೆ. ಅಂಗಡಿಯ ದುಬಾರಿ ಪೂರಕ ದ್ರಾವಣಗಳ ಗೊಡವೆ ಈಗಲೇ ಬೇಡ.

ಬಾಯಿಯ ಸುತ್ತ ಮಾಂಸ ಉಳಿದ ತಲೆಗಳು ಚೇತರಿಸಿಕೊಳ್ಳಬಹುದು. ಬರಿದಾದ ಕಲ್ಲಿನ ಮೇಲೆ ಪಾಚಿ ಹಿಡಿದರೆ ಮೆತ್ತನೆಯ ಹಲ್ಲುಜ್ಜುವ ಬ್ರಶ್‌ನಿಂದ, ಚರ್ಮಕ್ಕೆ ತಾಕದಂತೆ ತೆಗೆಯಿರಿ.

ಪ್ರಶ್ನೆ: ನಮ್ಮ ಕ್ಯಾಂಡಿ ಕೇನ್ ಹಗಲೆಲ್ಲ ಉಬ್ಬಿಕೊಂಡಿರುತ್ತದೆ, ಆದರೆ ಏನೂ ತಿನ್ನುವುದಿಲ್ಲ. ಬೆಳಕು ಹೆಚ್ಚಿಸಬೇಕೇ?
— ಓದುಗರು, ಬೆಳಗಾವಿ

ಉತ್ತರ: ಬೇಡ. ಉಬ್ಬಿದೆ ಎಂದರೆ ಸಾಮಾನ್ಯವಾಗಿ ಸುಖವಾಗಿದೆ. ಅದರ ಮಾಂಸದೊಳಗಿನ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ಮಾಡಿಕೊಡುತ್ತದೆ. 75ರಿಂದ 150 ಪಾರ್ (ಪಾಚಿಗೆ ಉಪಯೋಗಕ್ಕೆ ಬರುವ ಬೆಳಕಿನ ಅಳತೆ) ಬೆಳಕು ಸಾಕು, ಹೆಚ್ಚಾದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ತಳದಲ್ಲಿ, ಚರ್ಮ ಮೆಲ್ಲಗೆ ಅಲುಗುವಷ್ಟು ಹರಿವಿನಲ್ಲಿ ಇಡಿ. ಪಕ್ಕದ ಹವಳದಿಂದ 10–15 ಸೆಂ.ಮೀ. ದೂರವಿರಲಿ, ರಾತ್ರಿ ಚಾಚುವ ಕುಟುಕು ಎಳೆಗಳು ನೆರೆಯನ್ನು ಸುಡುತ್ತವೆ.

ಉಣಿಸುವ ಹೊತ್ತೂ ಅದೇ. ದೀಪ ಆರಿ ಎಳೆಗಳು ಹೊರಬಂದ ಮೇಲೆ ಪಂಪ್ ನಿಲ್ಲಿಸಿ, ಸಣ್ಣಗೆ ಹೆಚ್ಚಿದ ಮೈಸಿಸ್ ಸೀಗಡಿಯ ಒಂದೊಂದೇ ಚೂರನ್ನು ಪ್ರತಿ ತಲೆಯ ಮೇಲೆ ಪಿಪೆಟ್‌ನಿಂದ ಬಿಡಿ. 15–20 ನಿಮಿಷ ಬಿಟ್ಟು ಪಂಪ್ ಹಚ್ಚಿ, ಮರೆತೀರಿ. ವಾರಕ್ಕೆ ಎರಡು ಸಲ ಸಾಕು. ಟ್ಯಾಂಕಿನಲ್ಲಿ ಸೀಗಡಿ, ಸನ್ಯಾಸಿ ಏಡಿ ಇದ್ದರೆ ಮೊದಲು ಅವುಗಳ ಹೊಟ್ಟೆ ತುಂಬಿಸಿ, ಇಲ್ಲವಾದರೆ ಹವಳದ ಬಾಯಿಂದಲೇ ಕಸಿಯುತ್ತವೆ. ನಿಮ್ಮೂರಿನ ಮಳೆಗಾಲ, ಚಳಿಗಾಲದ ರಾತ್ರಿಗೆ ಹೀಟರ್ ಬೇಕೇ ಬೇಕು: 25–26 ಡಿಗ್ರಿ.

ಪ್ರಶ್ನೆ: ಮುರ್ಡೇಶ್ವರಕ್ಕೆ ಹೋದಾಗ ಹವಳದ ತುಂಡು ತರಬಹುದೇ?
— ಓದುಗರು, ಬಾಗಲಕೋಟೆ

ಉತ್ತರ: ಸತ್ತ ತುಂಡೂ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿ ಕಲ್ಲುಹವಳಗಳಿವೆ, ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸುತ್ತ ಇರುವವೂ ಇದರಲ್ಲಿ ಬರುತ್ತವೆ. ವಿದೇಶದಿಂದ ಬಂದದ್ದಕ್ಕೂ ಸೈಟ್ಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ) ಒಪ್ಪಂದದ ಪರವಾನಗಿ ಬೇಕು. ಆಮದು ಕಾಗದ ತೋರಿಸದ ಮಾರಾಟಗಾರರಿಂದ ಕೊಳ್ಳಬೇಡಿ. ಕಾಗದ ಕೈಗೆ ಬಂದರೂ ದುಡ್ಡು ಕೊಡುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.