ಇಂದ್ರ ಮೂರು ಸಲ ವಾಪಸ್ ಬಂದ

ನಮಸ್ಕಾರ.

ನೀವು ಕಳಿಸಿದ ‘ಆತ್ಮಸಾಕ್ಷಾತ್ಕಾರದ ಹಾದಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ಆಯ್ಕೆಯಾಗಿಲ್ಲ’ ಅಂತ ಒಂದು ಸಾಲು ಬರೆದು ಸುಮ್ನೆ ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಆರನೇ ಪುಟದಲ್ಲಿರುವ ನಾಲ್ಕು ಸಾಲು ಅದಕ್ಕೆ ಕಾರಣ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಮೊದಲ ವಾಕ್ಯ. ‘ನಿತ್ಯಶುದ್ಧಬುದ್ಧಮುಕ್ತ ಸ್ವರೂಪನಾದ ಪರಬ್ರಹ್ಮನೊಡನೆ ಜೀವಾತ್ಮನ ಅವಿಭಾಜ್ಯ ಏಕತ್ವದ ಅಪರೋಕ್ಷಾನುಭೂತಿಯೇ ಮಾನವ ಜನ್ಮದ ಪರಮ ಗಂತವ್ಯ.’ ತಪ್ಪೇನಿಲ್ಲ. ಆದರೆ ಓದಿದವರಿಗೆ ಏನು ಕಂಡಿತು? ನನಗಂತೂ ಏನೂ ಕಾಣಲಿಲ್ಲ. ಎಲ್ಲೋ ಓದಿದ್ದು ಹಾಗೇ ಕೈಗೆ ಬಂದಂತಿದೆ. ಜೀವ, ಬ್ರಹ್ಮ ಎರಡಲ್ಲ ಅನ್ನುವ ಅದ್ವೈತ ಹೇಳಲು ನಮ್ಮ ಮಾತು ಸಾಲದು ಅನ್ನುವ ಅಳುಕು ನಿಮಗಿರಬಹುದು. ಮುನ್ನೂರು ವರ್ಷಕ್ಕೂ ಹಿಂದೆಯೇ ಕವಿ ಮಹಲಿಂಗರಂಗ ಆ ಅಳುಕನ್ನು ಬಿಡಿಸಿದ್ದಾನೆ. ‘ಅನುಭವಾಮೃತ’ದಲ್ಲಿ ಅವನು ಇಡೀ ಅದ್ವೈತವನ್ನು ಷಟ್ಪದಿಗೆ ಇಳಿಸಿದ. ಸುಲಿದ ಬಾಳೆಹಣ್ಣು, ಸಿಗುರು ತೆಗೆದ ಕಬ್ಬು, ಬಿಸಿ ಆರಿದ ಹಾಲು ಇದ್ದ ಹಾಗೆ ಕನ್ನಡ ಸುಲಭ ಅಂದ. ಆ ನುಡಿಯಲ್ಲೇ ತಿಳಿದು, ತನ್ನೊಳಗೇ ತನ್ನ ಮೋಕ್ಷ ಗಳಿಸಿಕೊಂಡರೆ ಸಾಲದೇ, ಸಂಸ್ಕೃತದಲ್ಲಿ ಇನ್ನೇನಿದೆ ಅಂತ ಕೇಳಿದ. ಬಾಳೆಹಣ್ಣು ಸುಲಿದು ಕೊಡಿ. ಸಿಪ್ಪೆ ಸಮೇತ ಬೇಡ.

ಇನ್ನು ಕೆಲವು ತಪ್ಪುಗಳು. ‘ಅಹಂ ಬ್ರಹ್ಮಾಸ್ಮಿ’ (ನಾನೇ ಬ್ರಹ್ಮ) ಛಾಂದೋಗ್ಯ ಉಪನಿಷತ್ತಿನದ್ದಲ್ಲ, ಬೃಹದಾರಣ್ಯಕ ಉಪನಿಷತ್ತಿನದ್ದು. ಛಾಂದೋಗ್ಯದ ಆರನೇ ಅಧ್ಯಾಯದಲ್ಲಿರುವುದು ‘ತತ್ತ್ವಮಸಿ’, ಅಂದರೆ ಅದು ನೀನೇ. ಉದ್ದಾಲಕ ಮಗ ಶ್ವೇತಕೇತುವಿಗೆ ಅದನ್ನು ಒಂಬತ್ತು ಸಲ ಹೇಳುತ್ತಾನೆ. ‘ಬ್ರಹ್ಮ ಸತ್ಯಂ ಜಗನ್ಮಿಥ್ಯಾ’ ಅನ್ನುವುದನ್ನು ಉಪನಿಷತ್ತಿನ ವಾಕ್ಯ ಅಂತ ಬರೆದಿದ್ದೀರಿ. ಹತ್ತು ಮುಖ್ಯ ಉಪನಿಷತ್ತುಗಳಲ್ಲಿ ಅದು ಎಲ್ಲೂ ಇಲ್ಲ.

ಮಿಥ್ಯೆ ಅಂದರೆ ‘ಜಗತ್ತು ಇಲ್ಲವೇ ಇಲ್ಲ’ ಅಂದಿದ್ದೀರಲ್ಲ, ಅದು ಇನ್ನೂ ದೊಡ್ಡ ತಪ್ಪು. ಇಲ್ಲವೇ ಇಲ್ಲದ್ದಕ್ಕೆ ಮೊಲದ ಕೊಂಬಿನ ಉದಾಹರಣೆ ಇದೆ. ಮೊಲದ ಕೊಂಬು ಯಾರನ್ನೂ ಹೆದರಿಸುವುದಿಲ್ಲ. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಂಡರೆ ಎದೆ ಡವಡವ ಅನ್ನುತ್ತದೆ, ಮೈ ಬೆವರುತ್ತದೆ. ದೀಪ ತಂದ ಮೇಲೆ ‘ಅಯ್ಯೋ, ಹಗ್ಗ!’ ಅಂತೀವಿ. ಆದರೆ ಬೆವರು ಅಷ್ಟು ಬೇಗ ಆರುವುದಿಲ್ಲ. ಕಾಣುತ್ತದೆ, ಕಂಡ ಹಾಗೆ ಇಲ್ಲ. ಮಿಥ್ಯೆ ಅಂದರೆ ಇಷ್ಟು. ಇದನ್ನು ಬಿಟ್ಟು ‘ಇಲ್ಲವೇ ಇಲ್ಲ’ ಅಂದರೆ, ಮನೆ ಸಾಲ, ಮಗುವಿನ ಜ್ವರ ಇಟ್ಟುಕೊಂಡು ಕೂತ ಓದುಗ ಪುಟ ತಿರುಗಿಸಿ ಎದ್ದು ಹೋಗುತ್ತಾನೆ. ಅವನದು ತಪ್ಪಲ್ಲ.

ಇವನ್ನೆಲ್ಲ ತಿದ್ದಬಹುದು. ನನಗೆ ಜಾಸ್ತಿ ಕಾಡಿದ್ದು ಬೇರೆ. ಎಂಟು ಪುಟದಲ್ಲಿ ಒಂದೇ ಒಂದು ಪ್ರಶ್ನೆ ಇಲ್ಲ. ಎಲ್ಲ ಬರೀ ಉತ್ತರ.

ಛಾಂದೋಗ್ಯದ ಎಂಟನೇ ಅಧ್ಯಾಯ ತೆಗೆದು ನೋಡಿ. ಆತ್ಮ ಅಂದರೇನು ಅಂತ ತಿಳಿಯಲು ದೇವತೆಗಳ ಕಡೆಯಿಂದ ಇಂದ್ರ, ಅಸುರರ ಕಡೆಯಿಂದ ವಿರೋಚನ, ಇಬ್ಬರೂ ಪ್ರಜಾಪತಿಯ ಹತ್ತಿರ ಹೋಗುತ್ತಾರೆ. 32 ವರ್ಷ ಕಾಯುತ್ತಾರೆ. ಆಮೇಲೆ ಅವನು, ನೀರಿನ ಪಾತ್ರೆಯಲ್ಲಿ ನಿಮ್ಮನ್ನು ನೋಡಿಕೊಳ್ಳಿ ಅನ್ನುತ್ತಾನೆ. ಚೆನ್ನಾಗಿ ಉಟ್ಟು ತೊಟ್ಟು ಇನ್ನೊಂದು ಸಲ ನೋಡಿ ಅನ್ನುತ್ತಾನೆ. ಇದೇ ಆತ್ಮ ಅಂತಲೂ ಅನ್ನುತ್ತಾನೆ. ಇಬ್ಬರೂ ಖುಷಿಯಾಗಿ ಹೊರಡುತ್ತಾರೆ. ವಿರೋಚನ ಊರು ಸೇರಿ, ದೇಹವೇ ಆತ್ಮ ಅಂತ ಪಾಠ ಶುರು ಮಾಡುತ್ತಾನೆ. ಇಂದ್ರ ಮಾತ್ರ ದಾರಿಯಲ್ಲೇ ನಿಲ್ಲುತ್ತಾನೆ. ದೇಹ ಕುರುಡಾದರೆ ನೀರಿನಲ್ಲಿ ಕಂಡವನೂ ಕುರುಡ. ದೇಹ ಸತ್ತರೆ ಅವನೂ ಸತ್ತ. ಇದರಲ್ಲಿ ನನಗೇನೂ ಒಳ್ಳೆಯದು ಕಾಣುತ್ತಿಲ್ಲವಲ್ಲ! ವಾಪಸ್ ಬರುತ್ತಾನೆ. ಮತ್ತೆ 32 ವರ್ಷ. ಈ ಸಲ ಕನಸಿನಲ್ಲಿ ಓಡಾಡುವವನು ಆತ್ಮ ಅನ್ನುವ ಉತ್ತರ. ಕನಸಿನಲ್ಲೂ ಅಳುತ್ತೇವಲ್ಲ ಅಂತ ಮತ್ತೆ ವಾಪಸ್. ಮತ್ತೆ 32. ಈಗ ಗಾಢ ನಿದ್ದೆ. ಅಲ್ಲಿ ನಾನು ಇದ್ದೇನೆ ಅನ್ನುವುದೇ ಗೊತ್ತಿರುವುದಿಲ್ಲವಲ್ಲ, ಇಲ್ಲವಾಗಿಯೇ ಹೋದ ಹಾಗಲ್ವಾ? ಮೂರನೇ ಸಲವೂ ವಾಪಸ್. ಕೊನೆಗೆ 5 ವರ್ಷ. ಒಟ್ಟು 101.

ನೀವು ಇದೇ ಗಾಢ ನಿದ್ದೆಯನ್ನು ‘ಸುಷುಪ್ತಿಯಲ್ಲಿ ಆತ್ಮವೇ ಬೆಳಗುತ್ತದೆ’ ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಇಂದ್ರನ ಪ್ರಶ್ನೆ ಕೇಳಿ ಆಮೇಲೆ ಆ ಮಾತು ಹೇಳಿ. ಬೆಳಗ್ಗೆ ಎದ್ದು, ‘ಒಳ್ಳೆ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ’ ಅಂತೀವಿ. ಏನೂ ಗೊತ್ತಾಗಲಿಲ್ಲ ಅನ್ನುವುದು ಯಾರಿಗೆ ಗೊತ್ತಾಯಿತು? ವೇದಾಂತಿಗಳು ಬೆರಳಿಟ್ಟು ತೋರಿಸುವ ಜಾಗ ಇದು. ಓದುಗ ಇಲ್ಲಿ ಒಂದು ಕ್ಷಣ ನಿಂತರೆ ನಿಮ್ಮ ಲೇಖನ ಗೆದ್ದ ಹಾಗೆ.

ಈಗ ಆರನೇ ಪುಟ. ‘ಅಪ್ಪ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅರ್ಧ, ಅರ್ಧ, ಒಂದು, ಅರ್ಧ. ಜೂನ್ 11ಕ್ಕೆ ನಿಂತಿದೆ. ಆತ್ಮಕ್ಕೆ ಸಾವಿಲ್ಲ ಅಂತ ದಿನಾ ಓದುತ್ತೇನೆ, ಆ ಕ್ಯಾಲೆಂಡರ್ ತೆಗೆಯಲು ಮಾತ್ರ ಕೈ ಬರುತ್ತಿಲ್ಲ.’ ಇಷ್ಟು ಬರೆದು, ಮುಂದಿನ ಸಾಲಿನಲ್ಲೇ ‘ಇದೆಲ್ಲ ಅಜ್ಞಾನದ ಫಲ’ ಅಂತ ಮುಚ್ಚಿಬಿಟ್ಟಿದ್ದೀರಿ. ಯಾಕೆ ಮುಚ್ಚಿದಿರಿ? ನಿಮ್ಮ ಪ್ರಶ್ನೆ ಇರುವುದೇ ಅಲ್ಲಿ. ಇಂದ್ರ ನಿಂತ ದಾರಿ ಅದು.

ಹತ್ತನೆಯವನ ಕಥೆಯನ್ನೂ ನೀವು ಅರ್ಧ ಸಾಲಿನಲ್ಲಿ ದಾಟಿಸಿದ್ದೀರಿ. ಹತ್ತು ಜನ ಹೊಳೆ ದಾಟಿ, ದಡದಲ್ಲಿ ಎಣಿಸುತ್ತಾರೆ. ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಾನೆ. ಒಂಬತ್ತೇ! ಒಬ್ಬ ಹೊಳೆ ಪಾಲಾದ ಅಂತ ತಲೆ ಚಚ್ಚಿಕೊಂಡು ಅಳುತ್ತಾರೆ. ದಾರಿಹೋಕನೊಬ್ಬ ಎಣಿಸಿ, ‘ಹತ್ತನೆಯವನು ನೀನೇ ಕಣಪ್ಪ’ ಅನ್ನುತ್ತಾನೆ. ಹತ್ತನೆಯವನನ್ನು ಯಾರೂ ಎಲ್ಲಿಂದಲೂ ತರಲಿಲ್ಲ. ಹಾಗಾಗಿಯೇ ‘ಆತ್ಮವನ್ನು ಪಡೆಯುವುದು’ ಅನ್ನುವ ಮಾತನ್ನು ನಿಮ್ಮ ಲೇಖನದಲ್ಲಿ ಕಂಡಲ್ಲೆಲ್ಲ ಹೊಡೆದುಹಾಕಿದ್ದೇನೆ. ಇರುವುದನ್ನು ತಿಳಿಯಬಹುದು, ಪಡೆಯುವುದು ಹೇಗೆ?

ಆದರೆ ಈ ಕಥೆಗೆ ಒಂದು ಬಾಲ ಇದೆ. ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿರುವ ‘ಪಂಚದಶಿ’ ಅನ್ನುವ ವೇದಾಂತ ಗ್ರಂಥದ ಏಳನೇ ಪ್ರಕರಣದಲ್ಲಿ ಅದು ಬರುತ್ತದೆ. ಹತ್ತನೆಯವನು ತಾನೇ ಅಂತ ಗೊತ್ತಾದ ಕೂಡಲೇ ಅಳು ನಿಲ್ಲುತ್ತದೆ. ಆದರೆ ಚಚ್ಚಿಕೊಂಡ ತಲೆಯ ಗಾಯ ಆಗಲೇ ಹೋಗುವುದಿಲ್ಲ. ಮಾಯಲು ಒಂದು ತಿಂಗಳು ಬೇಕು.

ಇದನ್ನು ಬರೆದವರು ಗಾಯವನ್ನು ಅಜ್ಞಾನ ಅಂತ ಬೈಯಲಿಲ್ಲ. ನೀವೂ ಬೈಯಬೇಡಿ. ನಿಮಗೆ ಜ್ಞಾನ ಆಗಿದೆ ಅಂತಾಗಲಿ ಆಗಿಲ್ಲ ಅಂತಾಗಲಿ ನಾನು ಹೇಳುತ್ತಿಲ್ಲ. ಅದು ನನ್ನ ಕೆಲಸವೂ ಅಲ್ಲ. ಲೇಖನಕ್ಕೆ ನೀವು ನಿಂತ ಜಾಗ ಸಾಕು.

ಹಾಗಾಗಿ ಇಷ್ಟು ಮಾಡಿ. ಮೊದಲ ಐದು ಪುಟ ಬಿಡಿ. ಕ್ಯಾಲೆಂಡರಿನಿಂದ ಶುರು ಮಾಡಿ. ಇಂದ್ರ, ಹತ್ತನೆಯವನು, ಇಬ್ಬರಲ್ಲಿ ಒಬ್ಬರನ್ನು ಮಾತ್ರ ಇಟ್ಟುಕೊಳ್ಳಿ. ಸಾವಿರ ಪದ ದಾಟಬೇಡಿ. ದಿನಾ ಓದುತ್ತೀರಿ ಅಂದ ಆ ಸಾಲು ಯಾವುದು, ಅದನ್ನು ಓದಿ ಪುಸ್ತಕ ಮುಚ್ಚಿದಾಗ ಏನನ್ನಿಸುತ್ತದೆ, ಅದನ್ನೂ ಬರೆಯಿರಿ. ಅವಸರ ಇಲ್ಲ. ಬರೆದಾದ ಮೇಲೆ ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ಕ್ಯಾಲೆಂಡರನ್ನು ಸದ್ಯಕ್ಕೆ ತೆಗೆಯಬೇಡಿ.

ವಿಶ್ವಾಸದಿಂದ,
ಸಂಪಾದಕ