ತಪ್ಪಾಗಿ ಸೇರಿದ ತಪಾಸಣೆ ದಾಖಲೆಗಳನ್ನು ಚೆಕ್‌ಲಿಸ್ಟ್ ಆಪ್‌ನಿಂದ ಪೂರ್ತಿ ತೆಗೆಯುವುದು ಹೇಗೆ?

ನೀವು ಕೇಳಿದ್ದು ಇಷ್ಟು. ಕ್ಯಾಟರಿಂಗ್ ಅಡುಗೆಮನೆ ನಡೆಸುತ್ತೀರಿ, ಚಿಲ್ಲರ್ ಮತ್ತು ಫ್ರೀಜರ್‌ಗಳ ಟೆಂಪರೇಚರನ್ನು ದಿನಕ್ಕೆ ಮೂರು ಸಲ ಮೊಬೈಲ್ ಆಪ್‌ನಲ್ಲಿ ತುಂಬಿಸುತ್ತೀರಿ. ಹೊಸದಾಗಿ ಸೇರಿದ ಹುಡುಗ ಎರಡು ವಾರದಲ್ಲಿ ಸುಮಾರು 40 ತಪಾಸಣೆಗಳನ್ನು ತಪ್ಪಾಗಿ ಹಾಕಿದ್ದಾನೆ. ಡಿಲೀಟ್ ಒತ್ತಿದರೆ ಅವು ಆರ್ಕೈವ್‌ಗೆ ಹೋಗಿ ಕೂರುತ್ತವೆ. ಮುಂದಿನ ತಿಂಗಳು ಆಡಿಟ್ ಇದೆ, ಅಷ್ಟರಲ್ಲಿ ಗುರುತು ಕೂಡ ಉಳಿಯದ ಹಾಗೆ ತೆಗೆಯಬೇಕು. ಸರಿ ಅಲ್ವಾ?

ತೆಗೆಯುವ ದಾರಿ ಹೇಳುತ್ತೇನೆ. ಆದರೆ ಆ 40ನ್ನೂ ಒಟ್ಟಿಗೆ ಟಿಕ್ ಮಾಡಿ ಅಳಿಸಬೇಡಿ, ದಯವಿಟ್ಟು. ನಾನು ಹನ್ನೊಂದು ವರ್ಷದಿಂದ ದೊಡ್ಡ ಅಡುಗೆಮನೆಗಳಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮೊದಲು ಉದ್ದನೆಯ ರಿಜಿಸ್ಟರ್ ಪುಸ್ತಕ, ಆಮೇಲೆ ಗೂಗಲ್ ಫಾರ್ಮ್, ಈಗ ಆಪ್. ಮೂರರಲ್ಲೂ ಜನ ತಪ್ಪು ಬರೆಯುತ್ತಾರೆ, ಮೂರರಲ್ಲೂ ಅದನ್ನು ಅಳಿಸಿಬಿಡಬೇಕು ಅನ್ನಿಸುತ್ತದೆ. ಮೊದಲು ನೋಡಬೇಕಾದದ್ದು ಅದು ಯಾವ ತರಹದ ತಪ್ಪು ಅಂತ.

ಕೆಲವು ಎಂಟ್ರಿಗಳು ತಪಾಸಣೆಯೇ ಅಲ್ಲ. ಹುಡುಗ ಆಪ್ ಕಲಿಯುವಾಗ ಸುಮ್ನೆ ಒತ್ತಿ ನೋಡಿದ್ದು, ಎಲ್ಲ ಪ್ರಶ್ನೆಗೂ 'ಹೌದು' ಹಾಕಿ ಕಳಿಸಿದ್ದು, ನೆಟ್‌ವರ್ಕ್ ಇಲ್ಲದೆ ಸಬ್ಮಿಟ್ ಎರಡು ಸಲ ಒತ್ತಿ ಡಬಲ್ ಆದದ್ದು. ಇವುಗಳ ಹಿಂದೆ ಯಾರೂ ಚಿಲ್ಲರ್ ಬಾಗಿಲು ತೆಗೆದು ಥರ್ಮಾಮೀಟರ್ ನೋಡಿಲ್ಲ. ಇವನ್ನು ಧಾರಾಳವಾಗಿ ತೆಗೆಯಿರಿ. ಡಬಲ್ ಆಗಿರುವುದರಲ್ಲಿ ಮಾತ್ರ ಒಂದು ಎಚ್ಚರ. ಎರಡನ್ನೂ ತೆರೆದು ನೋಡಿ, ಫೋಟೋ ಮತ್ತು ಸಹಿ ಯಾವುದರಲ್ಲಿದೆಯೋ ಅದನ್ನು ಉಳಿಸಿಕೊಳ್ಳಿ. ಎರಡರ ಸಮಯದಲ್ಲಿ ಹತ್ತು ಹದಿನೈದು ನಿಮಿಷ ವ್ಯತ್ಯಾಸ ಇದ್ದರೆ ಅದು ಡಬಲ್ ಅಲ್ಲದೆಯೂ ಇರಬಹುದು. ಮೊದಲ ಸಲ ಟೆಂಪರೇಚರ್ ಜಾಸ್ತಿ ಬಂತು ಅಂತ ಬಾಗಿಲು ಹಾಕಿ, ಸ್ವಲ್ಪ ಕಾದು, ಇನ್ನೊಮ್ಮೆ ನೋಡಿರಬಹುದು. ಅವನನ್ನೇ ಕೇಳಿ.

ಇನ್ನು ಕೆಲವು ನಿಜವಾದ ತಪಾಸಣೆಗಳು, ಆದರೆ ಅಂಕಿಯೋ ಜಾಗವೋ ತಪ್ಪಾಗಿರುತ್ತದೆ. 4.2 ಅಂತ ಹೊಡೆಯಲು ಹೋಗಿ ಚುಕ್ಕೆ ಬಿಟ್ಟು 42 ಆಗಿದೆ. ಫ್ರೀಜರ್ 18 ಅಂತ ಇದೆ, ಮೈನಸ್ ಬಿಟ್ಟುಹೋಗಿದೆ. ಒಂದನೇ ಚಿಲ್ಲರ್ ಓದಿ ಎರಡನೇ ಚಿಲ್ಲರ್ ಹೆಸರಿನಲ್ಲಿ ಹಾಕಿದ್ದಾನೆ. ಇವನ್ನು ಅಳಿಸಬೇಡಿ, ತಿದ್ದಿ. ರಿಜಿಸ್ಟರ್ ಕಾಲದಲ್ಲಿ ನಾವು ಏನು ಮಾಡುತ್ತಿದ್ದೆವು ನೆನಪಿಸಿಕೊಳ್ಳಿ. ವೈಟ್ನರ್ ಹಚ್ಚುವ ಹಾಗಿಲ್ಲ, ಹಾಳೆ ಹರಿಯುವ ಹಾಗಿಲ್ಲ. ತಪ್ಪು ಅಂಕಿಯ ಮೇಲೆ ಒಂದೇ ಗೆರೆ, ಕೆಳಗಿನ ಅಂಕಿ ಓದಲು ಬರಬೇಕು. ಪಕ್ಕದಲ್ಲಿ ಸರಿಯಾದ ಅಂಕಿ, ಸಣ್ಣ ಸಹಿ, ತಾರೀಕು. ಆಪ್‌ನಲ್ಲೂ ಅದನ್ನೇ ಮಾಡಬೇಕು. ಮುಗಿದ ತಪಾಸಣೆಯನ್ನು ತಿದ್ದಲು ಆಪ್ ಬಿಟ್ಟರೆ ತಿದ್ದಿ, ಷರಾ ಬರೆಯುವ ಜಾಗದಲ್ಲಿ 'ಚುಕ್ಕೆ ಬಿಟ್ಟುಹೋಗಿತ್ತು, ಫೋಟೋದಲ್ಲಿ 4.2 ಇದೆ' ಅಂತ ಒಂದು ಸಾಲು ಹಾಕಿ. ಹಳೆಯ ಅಂಕಿ ಏನಿತ್ತು, ಯಾರು ಯಾವಾಗ ಬದಲಿಸಿದರು ಅನ್ನುವುದನ್ನು ಹೆಚ್ಚಿನ ಆಪ್‌ಗಳು ತಾವೇ ಬರೆದಿಟ್ಟುಕೊಳ್ಳುತ್ತವೆ. ತಿದ್ದಲು ಬಿಡದಿದ್ದರೆ ಅವತ್ತಿನದೇ ಇನ್ನೊಂದು ತಪಾಸಣೆ ಹಾಕಿ, ಹಳೆಯದರ ನಂಬರನ್ನು ಅದರಲ್ಲಿ ಬರೆಯಿರಿ, ಹಳೆಯದನ್ನು ಆರ್ಕೈವ್‌ನಲ್ಲೇ ಇರಲು ಬಿಡಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. 42 ಅಂದರೆ 4.2 ಇರಬೇಕು ಅಂತ ನೀವು ಊಹಿಸಿ ತಿದ್ದಬಾರದು. ಡಿಸ್‌ಪ್ಲೇ ಫೋಟೋ ಇದೆಯಾ, ಚಿಲ್ಲರ್‌ನಲ್ಲಿ ಡೇಟಾ ಲಾಗರ್ (ಟೆಂಪರೇಚರನ್ನು ತಾನೇ ಬರೆದಿಟ್ಟುಕೊಳ್ಳುವ ಸಾಧನ) ಇದೆಯಾ, ಅದೇ ಹೊತ್ತಿಗೆ ಬೇರೆ ಯಾರಾದರೂ ನೋಡಿದ್ದಾರಾ, ಇಷ್ಟು ನೋಡಿ. ಒಂದೂ ಇಲ್ಲದಿದ್ದರೆ 'ಈ ಅಂಕಿ ನಂಬುವ ಹಾಗಿಲ್ಲ, ಸರಿಯಾದದ್ದು ಗೊತ್ತಿಲ್ಲ' ಅಂತಲೇ ಬರೆಯಿರಿ. ಅದು ಆಡಿಟ್‌ನಲ್ಲಿ ಒಂದು ಸಣ್ಣ ಕೊರತೆ ಅಂತ ಬರಬಹುದು, ಬರಲಿ. ನೋಡದ ಅಂಕಿಯನ್ನು ನೋಡಿದ ಹಾಗೆ ಬರೆದರೆ ಅದು ಸುಳ್ಳು ದಾಖಲೆ ಆಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ತಪಾಸಣೆ ನಿಜ, ಅಂಕಿಯೂ ನಿಜ, ನೋಡಲು ಮಾತ್ರ ಚೆನ್ನಾಗಿಲ್ಲ. ಚಿಲ್ಲರ್ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಅಲ್ಲಿ 11 ಅಂತ ಇದೆ. 'ಬಾಗಿಲು ತೆಗೆದಿತ್ತು, ಅದಕ್ಕೇ, ತಪ್ಪು ಎಂಟ್ರಿ' ಅಂತ ಯಾರೋ ಹೇಳುತ್ತಾರೆ. ನಿಮ್ಮ 40ರಲ್ಲಿ ಇಂಥವು ಎಷ್ಟಿವೆ ಅಂತ ನನಗೆ ಗೊತ್ತಿಲ್ಲ, ಆದರೆ ಕೆಲವು ಇದ್ದೇ ಇರುತ್ತವೆ.

ನಾನು ಹಿಂದೆ ಇದ್ದ ಒಂದು ಅಡುಗೆಮನೆಯಲ್ಲಿ ಆದದ್ದು ಹೇಳುತ್ತೇನೆ. ಎರಡನೇ ಚಿಲ್ಲರ್, ಮಧ್ಯಾಹ್ನದ ಶಿಫ್ಟ್. ಹುಡುಗಿ ಒಬ್ಬಳು ಒಂದು ವಾರದಲ್ಲಿ ಮೂರು ಸಲ 9, 9.5, 11 ಅಂತ ಹಾಕಿದ್ದಳು. ಬೆಳಿಗ್ಗೆ ರಾತ್ರಿ ಎಲ್ಲ 4ರ ಆಸುಪಾಸು. ಮಧ್ಯಾಹ್ನ ಸಾಮಾನು ಇಳಿಸುವ ಹೊತ್ತು, ಬಾಗಿಲು ತೆಗೆದೇ ಇರುತ್ತದೆ, ಅವಳು ಹೊಸಬಳು, ಥರ್ಮಾಮೀಟರ್‌ನ ಕಡ್ಡಿ ಹಿಡಿದದ್ದು ಬಾಗಿಲ ಹತ್ತಿರ ಇರಬೇಕು ಅಂತ ಮೇಲಿನವರು ತೀರ್ಮಾನ ಮಾಡಿದರು. ಅಡ್ಮಿನ್ ಲಾಗಿನ್ ನನ್ನ ಹತ್ತಿರ ಇತ್ತು. ನಾನೇ ಆ ಮೂರನ್ನೂ ಅಳಿಸಿದೆ. ಹತ್ತು ದಿನ ಆದ ಮೇಲೆ ಅದೇ ಚಿಲ್ಲರ್ ರಾತ್ರಿ ಕೈಕೊಟ್ಟಿತು. ಬೆಳಿಗ್ಗೆ ಪನೀರ್, ಮೊಸರು, ಅರೆದಿಟ್ಟ ಮಸಾಲೆ ಎಲ್ಲ ಬಿಸಾಡಿದೆವು. ಮೆಕ್ಯಾನಿಕ್ ಬಂದು ಹಿಂದಿನ ಕಂಡೆನ್ಸರ್, ಅಂದರೆ ಒಳಗಿನ ಬಿಸಿಯನ್ನು ಹೊರಗೆ ಬಿಡುವ ಭಾಗ, ಮುಟ್ಟಿ ನೋಡಿದರು, ಧೂಳು ಮತ್ತು ಎಣ್ಣೆ ಜಿಡ್ಡು ಕಟ್ಟಿ ಗಾಳಿಯೇ ಆಡುತ್ತಿರಲಿಲ್ಲ. ಮಧ್ಯಾಹ್ನದ ಸೆಕೆಗೆ ಅದಕ್ಕೆ ತಡೆಯಲು ಆಗುತ್ತಿರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಧ್ಯಾಹ್ನ ಹೊತ್ತು ಟೆಂಪರೇಚರ್ ಏರುವುದು ಯಾವಾಗ ಶುರುವಾಯಿತು, ನೋಡಿ ಹೇಳಿ ಸರ್." ನಾನು ಆಪ್ ತೆಗೆದು ತೋರಿಸಿದೆ. ಅದರಲ್ಲಿ ಏರಿಕೆಯೇ ಇರಲಿಲ್ಲ. ಆ ಹುಡುಗಿ ಅಲ್ಲೇ ನಿಂತಿದ್ದಳು. ಅವಳು ಸರಿಯಾಗಿಯೇ ನೋಡಿದ್ದಳು, ನಮಗೆ ಮೂರು ಸಲ ಹೇಳಿದ್ದಳು. ಆ ಊಟ ಯಾರ ಹೊಟ್ಟೆಗೂ ಹೋಗಲಿಲ್ಲ ಅನ್ನುವುದೊಂದೇ ನನಗೆ ಉಳಿದಿರುವ ಸಮಾಧಾನ.

ಆದ್ದರಿಂದ ಈ ಮೂರನೇ ತರಹದ್ದನ್ನು ಮುಟ್ಟಬೇಡಿ. ಅದರ ಕೆಳಗೆ ಏನು ಮಾಡಿದಿರಿ ಅಂತ ಬರೆಯಿರಿ. ಬಾಗಿಲು ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದಾಗ ಎಷ್ಟಿತ್ತು, ಒಳಗಿನ ಆಹಾರದ ಟೆಂಪರೇಚರ್ ಎಷ್ಟಿತ್ತು, ಏನನ್ನು ಬೇರೆ ಚಿಲ್ಲರ್‌ಗೆ ಹಾಕಿದಿರಿ, ಏನನ್ನು ಎಸೆದಿರಿ. ಎಲ್ಲ ದಿನವೂ 4.0, 4.0, 4.0 ಅಂತ ಇರುವ ಚೆಕ್‌ಲಿಸ್ಟ್ ನೋಡಿದರೆ ಅನುಭವ ಇರುವ ಆಡಿಟರ್‌ಗೆ ಅನುಮಾನ ಬರುತ್ತದೆ. ನಡುವೆ ಒಂದು 11 ಇದ್ದು ಅದಕ್ಕೆ ಏನು ಮಾಡಿದಿರಿ ಅಂತ ಇದ್ದರೆ ಅವರು ಅದನ್ನು ಓದಿ ಮುಂದಕ್ಕೆ ಹೋಗುತ್ತಾರೆ.

ಕಾನೂನು ಕೂಡ ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2011ರ ಪರವಾನಗಿ ಮತ್ತು ನೋಂದಣಿ ನಿಯಮಗಳ ಶೆಡ್ಯೂಲ್ 4ರ ಪ್ರಕಾರ ಅಡುಗೆ, ಸಂಗ್ರಹ, ಶುಚಿತ್ವ ಇವುಗಳ ದಾಖಲೆಗಳನ್ನು ಒಂದು ವರ್ಷ ಅಥವಾ ಆ ಪದಾರ್ಥದ ಬಾಳಿಕೆಯ ಅವಧಿ, ಯಾವುದು ಜಾಸ್ತಿಯೋ ಅಷ್ಟು ಕಾಲ ಇಡಬೇಕು. ನಿಮ್ಮದು ಅವತ್ತು ಮಾಡಿ ಅವತ್ತೇ ಬಡಿಸುವ ಊಟ, ಹಾಗಾಗಿ ಒಂದು ವರ್ಷ ಅಂತ ಇಟ್ಟುಕೊಳ್ಳಿ. ಎರಡು ವಾರದ ಹಿಂದಿನ ನಿಜವಾದ ತಪಾಸಣೆಯನ್ನು ಅಳಿಸಿದರೆ ಈ ನಿಯಮವನ್ನೇ ಮುರಿದ ಹಾಗೆ.

ಈಗ ತೆಗೆಯುವ ವಿಷಯ. ಹೆಚ್ಚಿನ ಆಪ್‌ಗಳಲ್ಲಿ ಎರಡು ಮೆಟ್ಟಿಲು ಇರುತ್ತದೆ. ಮೊದಲು ಆರ್ಕೈವ್, ಅಂದರೆ ಪಟ್ಟಿಯಿಂದ ಮರೆಯಾಗುತ್ತದೆ, ಬೇಕಾದರೆ ವಾಪಸ್ ತರಬಹುದು. ಮೊದಲು ಐಆಡಿಟರ್ ಅಂತ ಇದ್ದ ಸೇಫ್ಟಿಕಲ್ಚರ್‌ನಲ್ಲೂ ಆರ್ಕೈವ್ ಅಂದರೆ ಇದೇ. ಪೂರ್ತಿ ಅಳಿಸುವುದು ಅದರ ಮುಂದಿನ ಮೆಟ್ಟಿಲು, ಅದಕ್ಕೆ ಸಾಮಾನ್ಯವಾಗಿ ಬೇರೆ ಅನುಮತಿ ಬೇಕು. ನಿಮಗೆ ಆ ಬಟನ್ ಕಾಣಿಸುತ್ತಿಲ್ಲ ಅಂದರೆ ಮೊಬೈಲ್ ಬಿಟ್ಟು ಕಂಪ್ಯೂಟರ್‌ನಲ್ಲಿ ಅಡ್ಮಿನ್ ಲಾಗಿನ್‌ನಿಂದ ಆರ್ಕೈವ್ ಪಟ್ಟಿ ತೆರೆದು ನೋಡಿ. ಅಲ್ಲೂ ಇಲ್ಲದಿದ್ದರೆ ಆಪ್‌ನವರ ಸಪೋರ್ಟ್‌ಗೆ ತಪಾಸಣೆ ನಂಬರ್‌ಗಳ ಸಮೇತ ಮೇಲ್ ಬರೆಯಿರಿ. ಅವರ ಬ್ಯಾಕಪ್‌ನಿಂದ ಯಾವಾಗ ಹೋಗುತ್ತದೆ ಅನ್ನುವುದನ್ನೂ ಅದೇ ಮೇಲ್‌ನಲ್ಲಿ ಕೇಳಿ, ಬಾಯಿಮಾತಿನ ಉತ್ತರ ಬೇಡ.

ಪೂರ್ತಿ ಅಳಿಸುವ ಬಟನ್ ಒತ್ತುವ ಮೊದಲು ಪ್ರತಿಯೊಂದರ ಪಿಡಿಎಫ್ ಇಳಿಸಿ ಒಂದು ಫೋಲ್ಡರ್‌ನಲ್ಲಿ ಇಡಿ. ಕೆಂಪು ಉತ್ತರ (ಸರಿಯಿಲ್ಲ ಅಂತ ಗುರುತಾದದ್ದು) ಇದ್ದ ತಪಾಸಣೆಯಿಂದ ಆಪ್ ತಾನಾಗಿ ಯಾರಿಗಾದರೂ ಕೆಲಸ ಹಂಚಿರಬಹುದು, ಅದನ್ನು ಮೊದಲು ಮುಗಿಸಿ. ಇಲ್ಲದಿದ್ದರೆ ತಪಾಸಣೆ ಹೋದ ಮೇಲೂ 'ಚಿಲ್ಲರ್ ಸರಿ ಮಾಡಿಸಿ' ಅನ್ನುವ ನೋಟಿಫಿಕೇಶನ್ ಪಾಪ ಯಾರಿಗೋ ದಿನಾ ಬರುತ್ತಿರುತ್ತದೆ.

ಇನ್ನೊಂದು, ನಿಮ್ಮ ವಿಷಯದಲ್ಲಿ ಇದೇ ಮುಖ್ಯ ಅನ್ನಿಸುತ್ತದೆ. ಅಳಿಸುವ ಮುಂಚೆ ಆ ಹುಡುಗನ ಫೋನ್ ತೆಗೆದುಕೊಂಡು ಆಪ್ ತೆರೆದು ಪೂರ್ತಿ ಸಿಂಕ್ ಮಾಡಿಸಿ. ಕೋಲ್ಡ್ ರೂಮ್ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಎಂಟ್ರಿಗಳು ಫೋನಿನಲ್ಲೇ ಡ್ರಾಫ್ಟ್ ಆಗಿ ಉಳಿದಿರುತ್ತವೆ. ನೀವು ಇಲ್ಲಿ ಅಳಿಸಿ ಮುಗಿಸಿದ ಮೇಲೆ ಅವನು ಮನೆಗೆ ಹೋಗಿ ವೈಫೈಗೆ ಸೇರಿಸಿದ ಕೂಡಲೇ ಅದೇ ತಪಾಸಣೆ ಮತ್ತೆ ಮೇಲೆ ಬರಬಹುದು. ನನಗೆ ಹೀಗೆ ಆರು ಎಂಟ್ರಿ ವಾಪಸ್ ಬಂದಿದ್ದವು, ಅದೂ ಭಾನುವಾರ ರಾತ್ರಿ.

ಇನ್ನೂ ಗೂಗಲ್ ಫಾರ್ಮ್ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮದು ಸ್ವಲ್ಪ ಬೇರೆ. ಫಾರ್ಮ್‌ನಲ್ಲಿ ಉತ್ತರ ಅಳಿಸಿದರೆ ಅದಕ್ಕೆ ಜೋಡಿಸಿದ ಶೀಟ್‌ನಲ್ಲಿ ಸಾಲು ಹಾಗೇ ಇರುತ್ತದೆ. ಶೀಟ್‌ನಲ್ಲಿ ಸಾಲು ಅಳಿಸಿದರೆ ಫಾರ್ಮ್‌ನಲ್ಲಿ ಉತ್ತರ ಉಳಿಯುತ್ತದೆ. ಎರಡು ಕಡೆಯೂ ತೆಗೆಯಬೇಕು. ತೆಗೆದ ಮೇಲೂ ಶೀಟ್‌ನ ವರ್ಷನ್ ಹಿಸ್ಟರಿಯಲ್ಲಿ ಹಳೆಯದು ಕಾಣುತ್ತದೆ. ಫೋಟೋ ಹಾಕಿಸಿಕೊಂಡಿದ್ದರೆ ಅದು ಡ್ರೈವ್‌ನ ಬೇರೆ ಫೋಲ್ಡರ್‌ನಲ್ಲಿರುತ್ತದೆ, ಅಲ್ಲಿ ಅಳಿಸಿದರೂ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ.

ಫೋಟೋ ಅಂದಾಗ ನೆನಪಾಯಿತು. ನಿಜವಾಗಿ ಗುರುತೂ ಉಳಿಯದ ಹಾಗೆ ತೆಗೆಯಲೇಬೇಕಾದ ಒಂದು ಸಂಗತಿ ಇದೆ. ಕೆಲಸದವರ ವರ್ಷದ ಮೆಡಿಕಲ್ ಸರ್ಟಿಫಿಕೇಟ್, ರಕ್ತ ಪರೀಕ್ಷೆ ರಿಪೋರ್ಟ್, ಆಧಾರ್ ಕಾರ್ಡ್ ಇವುಗಳ ಫೋಟೋ ತಪ್ಪಿ ಟೆಂಪರೇಚರ್ ಚೆಕ್‌ಲಿಸ್ಟ್‌ಗೆ ಸೇರಿಬಿಡುತ್ತದೆ. ಆ ತಪಾಸಣೆಯ ಪಿಡಿಎಫ್ ತಾನಾಗಿ ಹತ್ತು ಜನಕ್ಕೆ ಮೇಲ್ ಹೋಗುತ್ತದೆ, ಯಾರೋ ವಾಟ್ಸಾಪ್ ಗ್ರೂಪ್‌ಗೆ ಹಾಕುತ್ತಾರೆ. ಒಬ್ಬರ ಕಾಯಿಲೆ ವಿಷಯ ಇಡೀ ಅಡುಗೆಮನೆಗೆ ಗೊತ್ತಾಗುವುದು ಅಂದರೆ ಅವರಿಗೆ ಎಷ್ಟು ನೋವು ನೋಡಿ. ಇಂಥದ್ದು ಕಂಡರೆ ಆ ಫೋಟೋವನ್ನು ಅವತ್ತೇ ತೆಗೆಸಿ, ಮೇಲ್ ಮತ್ತು ಗ್ರೂಪ್‌ನಲ್ಲಿ ಹೋದದ್ದನ್ನೂ ಅಳಿಸಲು ಹೇಳಿ, ಆ ವ್ಯಕ್ತಿಗೆ ನೀವೇ ಹೋಗಿ ತಿಳಿಸಿ. ಇದಕ್ಕೆ ಪಿಡಿಎಫ್ ಇಟ್ಟುಕೊಳ್ಳುವುದೂ ಬೇಡ. ತಪಾಸಣೆಯ ಅಂಕಿಗಳು ಮಾತ್ರ ಉಳಿಯಲಿ.

ಆಡಿಟ್ ಬಗ್ಗೆ ನಿಮಗೆ ಹೆದರಿಕೆ ಇದೆ ಅಂತ ಗೊತ್ತಾಗುತ್ತದೆ. ತಪಾಸಣೆಗಳಿಗೆ ಆಪ್ ತಾನೇ ನಂಬರ್ ಕೊಡುತ್ತಿದ್ದರೆ, ನೀವು ಅಳಿಸಿದ ಜಾಗದಲ್ಲಿ 112 ಆದ ಮೇಲೆ 115 ಬರುತ್ತದೆ. ಆಡಿಟರ್ ಮೊದಲು ಕೇಳುವುದೇ ಅದನ್ನು. ಅದಕ್ಕೆ ಒಂದು ಹಾಳೆ ಸಾಕು: ಯಾವ ನಂಬರ್, ಯಾವ ತಾರೀಕಿನದು, ಯಾಕೆ ತೆಗೆದಿರಿ, ಯಾರು ಒಪ್ಪಿದರು, ಯಾರು ಅಳಿಸಿದರು. ಒಪ್ಪಿದವರು ಮತ್ತು ಅಳಿಸಿದವರು ಒಬ್ಬರೇ ಆಗಬಾರದು. ನಾನು ಆ ಮೂರನ್ನು ಅಳಿಸಿದಾಗ ಇಂಥ ಹಾಳೆ ಇದ್ದಿದ್ದರೆ 'ಯಾಕೆ' ಅನ್ನುವ ಕಾಲಂನಲ್ಲಿ ಏನು ಬರೆಯಲಿ ಅಂತ ನನ್ನ ಕೈ ಅಲ್ಲೇ ನಿಲ್ಲುತ್ತಿತ್ತು.

ಮುಂದಕ್ಕೆ ಟೆಂಪ್ಲೇಟ್‌ನಲ್ಲಿ ಎರಡು ಬದಲಾವಣೆ ಮಾಡಿಸಿ. ಟೆಂಪರೇಚರ್ ಪ್ರಶ್ನೆಗೆ ಮಿತಿ ಹಾಕಿ, 15ಕ್ಕಿಂತ ಜಾಸ್ತಿ ಹೊಡೆದರೆ 'ಸರಿಯಾಗಿದೆಯಾ ನೋಡಿ' ಅಂತ ಕೇಳಲಿ, ಆದರೆ ತಡೆಯಬಾರದು, ಯಾಕೆಂದರೆ ಒಂದು ದಿನ ನಿಜವಾಗಿಯೂ 15 ದಾಟಬಹುದು. ಹೊಸಬರಿಗೆ 'ಕಲಿಕೆ' ಅಂತ ಬೇರೆ ಟೆಂಪ್ಲೇಟ್ ಮಾಡಿಕೊಡಿ, ಅದರಲ್ಲಿ ಎಷ್ಟು ಬೇಕಾದರೂ ಒತ್ತಿ ನೋಡಲಿ. ಚಿಲ್ಲರ್ ಬಾಗಿಲಿಗೆ ಕ್ಯೂಆರ್ ಸ್ಟಿಕ್ಕರ್ ಅಂಟಿಸಿದರೆ ಒಂದನೆಯದು ಎರಡನೆಯದು ಅದಲುಬದಲಾಗುವುದೂ ಕಡಿಮೆಯಾಗುತ್ತದೆ.

ಇವತ್ತು ಸಂಜೆ ಶಿಫ್ಟ್ ಬದಲಾಗುವಾಗ ಆ 40ರ ಪಟ್ಟಿ ಪ್ರಿಂಟ್ ತೆಗೆದು ಹುಡುಗನ ಜೊತೆ ಕೂತುಕೊಳ್ಳಿ. ಬೈಯಬೇಡಿ. ಬೈದರೆ ಎಲ್ಲದಕ್ಕೂ 'ತಪ್ಪಾಯಿತು ಸರ್' ಅನ್ನುತ್ತಾನೆ, ನಿಮಗೆ ಬೇಕಾದದ್ದು ಸಿಗುವುದಿಲ್ಲ. ಯಾವುದು ಸುಮ್ನೆ ಒತ್ತಿದ್ದು, ಯಾವುದು ನಿಜವಾಗಿ ನೋಡಿದ್ದು ಅಂತ ನೆನಪಿರುವುದು ಅವನೊಬ್ಬನಿಗೆ, ಅದೂ ಇನ್ನು ನಾಲ್ಕೈದು ದಿನ ಅಷ್ಟೇ.